ಕಲ್ಲಿನ ರಥದ ಕಳೆದುಹೋದ ಶಿಖರ

2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪೆಯ ಕಲ್ಲಿನ ರಥವಿದೆ. ಅದರ ತಲೆ ಬೋಳು. ಮದ್ರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಾದರೋ ಅದರ ಮೇಲೆ ಇಟ್ಟಿಗೆಯ ಶಿಖರವಿದೆ! ಅವರು ಬಳಸಿದ್ದು ಕಾಗದದ ನೆಗೆಟಿವ್. ಬೆಳಕು ಹಾಯಲೆಂದು ಅದಕ್ಕೆ ಮೇಣ ಹಚ್ಚುತ್ತಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಜಾರ್ಜ್ ಮಿಚೆಲ್ ಸಂಪಾದಿಸಿದ 2008ರ ಗ್ರಂಥದಲ್ಲಿ ಗ್ರೀನ್‌ಲಾ ಚಿತ್ರಗಳು ಅಚ್ಚಾಗಿವೆ.

ಇಂಥ ಪುಸ್ತಕ ವಿನ್ಯಾಸಗೊಳಿಸುವವರ ಹೊಣೆ ದೊಡ್ಡದು. ಹಳೆಯದು, ಹೊಸದು ಎದುರುಬದುರು ಪುಟಗಳಲ್ಲಿ ಒಂದೇ ಅಳತೆಯಲ್ಲಿದ್ದರೆ ಶಿಖರ ಇಲ್ಲವಾದದ್ದು ತಾನಾಗಿ ಕಾಣುತ್ತದೆ. ಅಂದಕ್ಕೆಂದು ಮೇಲಂಚು ಕತ್ತರಿಸಿದರೆ ಸಾಕ್ಷಿಯೇ ಹೋಯಿತು. ಒಂದೇ ಚಿತ್ರವನ್ನು ಎರಡು ಪುಟಕ್ಕೆ ಹರಡಿದರೆ ಹೊಲಿಗೆಯ ಸಂದು ರಥದ ನಡುವನ್ನೇ ನುಂಗುತ್ತದೆ. ಹಳೆಯ ಕಾಗದದ ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುವುದೂ ನನಗೆ ಸರಿಕಾಣದು. ಅಜ್ಜನ ಮುಖದ ಸುಕ್ಕು ಒರೆಸಿದಂತೆ.

ಬಳ್ಳಾರಿಯ ಕೋಟೆ, ಕುರುಗೋಡಿನ ದೊಡ್ಡಬಸವೇಶ್ವರ ಗುಡಿ, ಸಿರುಗುಪ್ಪದ ಕಡೆಯ ತುಂಗಭದ್ರೆಯ ದಡ ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲೂ ಇದ್ದೀತು. ವಿದ್ಯಾರ್ಥಿಗಳೇ, ಅದೇ ಜಾಗದಲ್ಲಿ ನಿಂತು ಮೊಬೈಲಿನಿಂದ ಇನ್ನೊಂದು ಚಿತ್ರ ತೆಗೆಯಿರಿ. ಯಾವ ಹೊತ್ತಿಗೆಂದು ಹಳೆಯ ಚಿತ್ರದ ನೆರಳೇ ಹೇಳುತ್ತದೆ.