ಬಚ್ಚಲ ನೀರು ಎಲ್ಲಿಗೆ ಹೋಗ್ತದ, ಅಜ್ಜಾ?

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಮನೆ ಸಾಲದ ಕಾಗದಪತ್ರಗಳು ನನ್ನ ಮೇಜನ್ನು ದಾಟಿಯೇ ಮುಂದೆ ಹೋಗುತ್ತಿದ್ದವು. ಹೆಚ್ಚಿನವು 20 ಅಡಿಗೆ 30 ಅಡಿಯ ಸಣ್ಣ ಪ್ಲಾಟುಗಳು: ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ. ಅಂದಾಜು ಪಟ್ಟಿಯಲ್ಲಿ ಇಟ್ಟಿಗೆ, ಸಿಮೆಂಟು, ಬಾಗಿಲು, ನಳ ಎಲ್ಲದಕ್ಕೂ ಲೆಕ್ಕ ಇರುತ್ತಿತ್ತು. ನೀರು ಒಳಗೆ ಬರುವುದಕ್ಕೆ ರೊಕ್ಕ ಬರೆಯುತ್ತಿದ್ದರು, ಹೊರಗೆ ಹೋಗುವುದಕ್ಕೆ ಬಹಳ ಮಂದಿ ಏನೂ ಬರೆಯುತ್ತಿರಲಿಲ್ಲ. ಜಮಾ ಇದೆ, ಖರ್ಚೇ ಇಲ್ಲ! ನಾನೂ ಕೇಳಲಿಲ್ಲ.

ಕೇಳಿದವಳು ಐದನೆಯ ತರಗತಿಯ ನನ್ನ ಮೊಮ್ಮಗಳು.

“ಅಜ್ಜಾ, ಈ ಬಚ್ಚಲ ನೀರು ಎಲ್ಲಿಗೆ ಹೋಗ್ತದ?”

“ಗಟಾರಕ್ಕವಾ.”

“ಗಟಾರದಿಂದ?”

ನಮ್ಮ ಅವಳಿ ನಗರ ಇರುವುದು ನೀರು ಎರಡು ಕಡೆಗೆ ಹಂಚಿಹೋಗುವ ದಿಬ್ಬದ ಮೇಲೆ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿ, ಗಂಗಾವಳಿ ಎಂದು ಹೆಸರು ಬದಲಿಸುತ್ತಾ ಅರಬ್ಬಿ ಸಮುದ್ರ ಸೇರುತ್ತದೆ. ಪೂರ್ವದ ಕಡೆಯ ನೀರು ಬೆಣ್ಣಿಹಳ್ಳ, ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹುಬ್ಬಳ್ಳಿಯ ನಾಲೆಯ ಕೊಳೆನೀರನ್ನೇ ಗಬ್ಬೂರು, ಬುಡರಸಿಂಗಿ ಕಡೆಯ ರೈತರು ಪಂಪು ಹಚ್ಚಿ ಹೊಲಕ್ಕೆ ಹಾಯಿಸಿ ಕಾಯಿಪಲ್ಲೆ ಬೆಳೆದದ್ದೂ ಇದೆ. ಅಂದರೆ ನಾವು ಚೆಲ್ಲಿದ್ದು ಯಾರದೋ ಹೊಲ, ಯಾರದೋ ಹೊಳೆ ಮುಟ್ಟಿಯೇ ಮುಟ್ಟುತ್ತದೆ. ಹಾಗಾದರೆ ಸಣ್ಣ ಮನೆಯವರು ಏನು ಮಾಡಬೇಕು?

ಮೊದಲು ಎರಡು ಖಾತೆ ತೆರೆಯಬೇಕು. ಸ್ನಾನದ, ಬಟ್ಟೆ ಒಗೆದ, ಪಾತ್ರೆ ತೊಳೆದ ನೀರು ಒಂದು ಖಾತೆ. ಸಂಡಾಸಿನ ನೀರು ಇನ್ನೊಂದು. ಇವೆರಡು ಕೂಡಿದರೆ ಎಲ್ಲವೂ ಸಂಡಾಸಿನ ನೀರೇ ಆಗುತ್ತದೆ.

ಮೊದಲನೆಯ ಖಾತೆ ಸುಲಭ. ನಮ್ಮ ಅಜ್ಜಿಯರ ಹಿತ್ತಿಲಲ್ಲಿ ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗುತ್ತಿತ್ತು. ಈಗಲೂ ಅದೇ ದಾರಿ. ಅಡುಗೆಮನೆಯ ಜಿಡ್ಡು, ಅನ್ನದ ಅಗುಳು ತಡೆಯಲು ಒಂದು ಸಣ್ಣ ತೊಟ್ಟಿ, ಅದಕ್ಕೆ ಜಾಳಿಗೆ. ಅಲ್ಲಿಂದ ನೀರು ಕಲ್ಲು, ಜಲ್ಲಿ ತುಂಬಿದ ಇಂಗುಗುಂಡಿಗೆ. ಪಕ್ಕದಲ್ಲಿ ಎರಡು ಬಾಳೆ. ಈ ನೀರನ್ನು ಕೂಡಿಡಬಾರದು, ಒಂದೇ ದಿನಕ್ಕೆ ನಾರುತ್ತದೆ. ಎಲ್ಲಿಯೂ ನಿಲ್ಲಲೂಬಾರದು: ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೆಂತ್ಯೆಗೆ ಈ ನೀರು ಬೇಡ.

ಎರಡನೆಯ ಖಾತೆಗೆ ಮೂರು ದಾರಿ. ರಸ್ತೆಯಲ್ಲಿ ಒಳಚರಂಡಿ ಇದ್ದರೆ ಅದಕ್ಕೇ ಜೋಡಿಸಿ. ಮಳೆನೀರನ್ನು ಮಾತ್ರ ಅದಕ್ಕೆ ಬಿಡಬೇಡಿ. ಒಳಚರಂಡಿ ಇಲ್ಲದಿದ್ದರೆ ಜೋಡಿ ಗುಂಡಿ. ಐದು ಜನರ ಮನೆಗೆ ಸುಮಾರು 3 ಅಡಿ ಅಗಲ, 4 ಅಡಿ ಆಳದ ಎರಡು ಗುಂಡಿ. ಗೋಡೆಯ ಇಟ್ಟಿಗೆಗಳ ನಡುವೆ ಸಂದು, ತಳದಲ್ಲಿ ಬರೀ ಮಣ್ಣು, ಮೇಲೆ ಭದ್ರವಾದ ಮುಚ್ಚಳ. ಒಂದು ತುಂಬಿದಾಗ ಅದರ ಬಾಯಿ ಕಟ್ಟಿ ಇನ್ನೊಂದನ್ನು ಬಳಸುವುದು. ಎರಡು ವರ್ಷ ಮುಚ್ಚಿಟ್ಟರೆ ಮೊದಲನೆಯದರಲ್ಲಿ ಇರುವುದು ವಾಸನೆಯಿಲ್ಲದ ಒಣ ಗೊಬ್ಬರ. ಮೂರನೆಯದು ಸೆಪ್ಟಿಕ್ ಟ್ಯಾಂಕ್. ಅದರ ರಾಡಿಯನ್ನು ಎರಡು, ಮೂರು ವರ್ಷಕ್ಕೊಮ್ಮೆ ಹೀರುವ ಗಾಡಿ ಕರೆಸಿ ತೆಗೆಸಲೇಬೇಕು. ಆ ಗಾಡಿ ಹಳ್ಳಕ್ಕೆ ಸುರಿದರೆ ಏನು ಬಂತು? ದೇವನಹಳ್ಳಿಯಲ್ಲಿ 2015ರಿಂದ ಇಂಥ ರಾಡಿಯನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕವಿದೆ. ಅಂಥದು ಊರೂರಿಗೂ ಬೇಕು.

ಈಗ ಮಕ್ಕಳಿಗೊಂದು ಲೆಕ್ಕ. ಗುಂಡಿಗೂ ಬಾವಿ, ಬೋರ್‌ವೆಲ್ಲಿಗೂ ಕನಿಷ್ಠ 10 ಮೀಟರ್, ಅಂದರೆ ಸುಮಾರು 33 ಅಡಿ ದೂರ ಬೇಕು. 20 ಅಡಿಗೆ 30 ಅಡಿಯ ಪ್ಲಾಟಿನ ಕರ್ಣ ಎಷ್ಟು? 400ಕ್ಕೆ 900 ಕೂಡಿಸಿ ವರ್ಗಮೂಲ ತೆಗೆಯಿರಿ: 36 ಅಡಿ. ಒಂದು ಮೂಲೆಯಲ್ಲಿ ಗುಂಡಿ, ಎದುರು ಮೂಲೆಯಲ್ಲಿ ಬೋರ್‌ವೆಲ್. ಬೇರೆಲ್ಲೂ ಜಾಗವೇ ಇಲ್ಲ! ಪಕ್ಕದ ಮನೆಯವರ ಬೋರ್‌ವೆಲ್ ಎಲ್ಲಿದೆ ಎಂದೂ ಕೇಳಬೇಕು.

ಇನ್ನೊಂದು ಪರೀಕ್ಷೆ, ಅಜ್ಜ–ಮೊಮ್ಮಕ್ಕಳು ಕೂಡಿ ಮಾಡುವಂಥದು. ಹಿತ್ತಿಲಲ್ಲಿ ಒಂದಡಿ ಅಗಲ, ಒಂದಡಿ ಆಳದ ಕುಣಿ ತೋಡಿ ನೀರು ತುಂಬಿ. ಮಣ್ಣು ಕುಡಿಯಲಿ. ಮತ್ತೆ ತುಂಬಿ, ಗಡಿಯಾರ ನೋಡಿ. ಧಾರವಾಡದ ಕಡೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ. ಹುಬ್ಬಳ್ಳಿಯ ಪೂರ್ವಕ್ಕಿರುವ ಎರೆಮಣ್ಣಿನಲ್ಲಿ ಹಾಗೇ ನಿಂತಿರುತ್ತದೆ. ಅಂಥ ಕಡೆ ಗುಂಡಿಯ ಸುತ್ತ ಒಂದಡಿ ದಪ್ಪ ಉಸುಕು, ಜಲ್ಲಿ ತುಂಬಬೇಕು. ಪರೀಕ್ಷೆ ಮುಗಿದ ಮೇಲೆ ಕುಣಿ ಮುಚ್ಚುವುದನ್ನು ಮರೆಯಬೇಡಿ.

ಈ ಪರೀಕ್ಷೆಯನ್ನು ನಾನು ಮಾಡಲಿಲ್ಲ. 1984ರಲ್ಲಿ ಎರೆಮಣ್ಣಿನ ಮೇಲೆ ಮನೆ ಕಟ್ಟಿದೆ. ಗೌಂಡಿ ಕೇಳಿದ, “ಸಾಹೇಬ್ರ, ಗುಂಡಿ ಎಲ್ಲಿ ತೆಗೀಲಿ?” “ಎಲ್ಲೆರ ತೆಗಿಯಪಾ” ಅಂದೆ. 1991ರ ಮಳೆಗಾಲದಲ್ಲಿ ಗುಂಡಿ ಉಕ್ಕಿತು. ಒಬ್ಬ ಮನುಷ್ಯನನ್ನು ಕರೆಸಿದೆ. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ನಾನು ವಾಸನೆ ತಾಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಮೇಲೆ ಬಂದು ಅಂಗಳದಲ್ಲಿ ಬಹಳ ಹೊತ್ತು ಕೆಮ್ಮುತ್ತ ಕೂತಿದ್ದ. ನಾನು ರೊಕ್ಕ ಕೊಟ್ಟೆ, ಹೆಸರು ಕೇಳಲಿಲ್ಲ.

ಆ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಇರುತ್ತದೆ ಎಂದು ಆಮೇಲೆ ಓದಿದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಮನುಷ್ಯ ಅಲ್ಲೇ ಕುಸಿಯುತ್ತಾನೆ. ರಕ್ಷಣೆಯಿಲ್ಲದೆ ಹೀಗೆ ಯಾರನ್ನಾದರೂ ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಅವನು ಅಂದು ಮೇಲೆ ಬಂದದ್ದು ನನ್ನ ಪುಣ್ಯ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಆವಾಗ ಕುಣಿ ತೋಡಿ ನೋಡಿದ್ದರ ಅವರು ಇಳೀತಿದ್ದಿಲ್ಲ, ಹೌದಲ್ಲ?” ಅಂದಳು.

ಹೌದವಾ. ಮನೆ ಕಟ್ಟುವವರೇ, ಅಂದಾಜು ಪಟ್ಟಿಯಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ: ನೀರು ಹೊರಗೆ ಹೋಗುವ ಖರ್ಚು.