ನಂಜು, ವಿಚರ್ಚಿಕೆ ಮತ್ತು ಪಥ್ಯ

ಬೂದಿಗೆರೆಯ ಸುತ್ತಣ ರಾಗಿಯ ಸೀಮೆಯಲ್ಲಿ ಮೈಮೇಲೆ ಇಸುಬು ತೋರಿದರೆ ‘ಬದನೆಕಾಯಿ ನಂಜು, ಬಿಡು’ ಎನ್ನುವುದು ರೂಢಿ. ನಂಜೆಂದರೆ ವಿಷವೆಂಬುದು ನಂಜುಂಡನ ಹೆಸರಿನಿಂದಲೇ ಸಿದ್ಧವಾಗಿದೆ. ತಮಿಳಿನಲ್ಲಿಯೂ ಅದೇ ಅರ್ಥವುಂಟು. ವ್ಯವಹಾರದಲ್ಲಿಯಾದರೋ ಅದು ಹುಣ್ಣನ್ನೂ ತುರಿಯನ್ನೂ ಕೆರಳಿಸುವ ಆಹಾರಗುಣಕ್ಕೆ ಸಂದಿದೆ.

ಚರಕಸಂಹಿತೆಯಲ್ಲಿ ಕುಷ್ಠವೆಂಬುದು ಚರ್ಮವ್ಯಾಧಿಗಳ ಸಾಮಾನ್ಯನಾಮ. ಅವು 18, ಮಹಾಕುಷ್ಠಗಳು 7, ಕ್ಷುದ್ರಕುಷ್ಠಗಳು 11. ವಿಚರ್ಚಿಕೆಯು ಕ್ಷುದ್ರವರ್ಗದ್ದು. ತುರಿ, ಕಪ್ಪೇರಿದ ಗುಳ್ಳೆ, ಬಹುಸ್ರಾವ ಇವು ಚರಕೋಕ್ತ ಲಕ್ಷಣಗಳು. ಸುಶ್ರುತನಾದರೋ ರೂಕ್ಷವಾದ ಗೆರೆಗಳನ್ನು ಹೇಳುತ್ತಾನೆ. ಒಸರುವ ಇಸುಬು, ಒಣ ಇಸುಬುಗಳೆರಡನ್ನೂ ಇಲ್ಲಿ ಗುರುತಿಸಬಹುದು. ಹಾಲುಮೀನುಗಳನ್ನು ಕೂಡಿಸಿ ತಿನ್ನುವುದೇ ಮೊದಲಾದ ವಿರುದ್ಧಾಹಾರವು ಕುಷ್ಠದ ಕಾರಣಗಳಲ್ಲೊಂದೆಂದು ಚರಕನ ಮತ.

ಆಧುನಿಕ ವೈದ್ಯರ ಮತದಲ್ಲಿ ಚರ್ಮದ ರಕ್ಷಕಪದರದ ದೌರ್ಬಲ್ಯವೂ ದೇಹದ ಪ್ರತಿರೋಧಶಕ್ತಿಯ ಅತಿಪ್ರವೃತ್ತಿಯೂ ಇಸುಬಿಗೆ ಮುಖ್ಯ ಕಾರಣಗಳು. ಆಹಾರವು ಕೆಲವರಲ್ಲಿ, ವಿಶೇಷವಾಗಿ ಎಳೆಯ ಮಕ್ಕಳಲ್ಲಿ, ಅದನ್ನು ಕೆರಳಿಸುತ್ತದೆ. ಹಸುವಿನ ಹಾಲು, ಕೋಳಿಮೊಟ್ಟೆ, ಕಡಲೆಕಾಯಿ, ಗೋಧಿ, ಸೋಯಾ ಇವು ಅಲ್ಲಿ ಪ್ರಧಾನ; ಬದನೆಯು ಆ ಗಣದಲ್ಲಿಲ್ಲ. ಪರೀಕ್ಷೆಯಿಲ್ಲದೆ ಇವನ್ನೆಲ್ಲ ಬಿಡಿಸಿದರೆ ಮಗುವಿನ ಬೆಳವಣಿಗೆ ಕುಂದುವುದು. ಬಹುಕಾಲ ಬಿಟ್ಟುದನ್ನು ಮರಳಿ ತಿಂದಾಗ ಕೆಲವರಿಗೆ ತೀವ್ರವಾದ ಉಪದ್ರವವೂ ಉಂಟಾಗಬಹುದು.

ಚರಕನೂ ಪಥ್ಯವನ್ನು ಎಲ್ಲರಿಗೂ ಒಂದೇ ಎನ್ನಲಿಲ್ಲ. ಸಾತ್ಮ್ಯವಾದುದು, ಅಲ್ಪವಾದುದು ಆದರೆ, ಅಥವಾ ತಿನ್ನುವವನು ದೀಪ್ತಾಗ್ನಿಯೋ ತರುಣನೋ ಆದರೆ, ವಿರುದ್ಧವೂ ಬಾಧಿಸದೆಂದು ಅವನೇ ಹೇಳಿದ್ದಾನೆ. ಆದುದರಿಂದ ‘ನಂಜು’ ಎಂಬ ಮಾತನ್ನು ಕೇಳಿದಾಗ ‘ಯಾರಿಗೆ?’ ಎಂದು ವಿಚಾರಿಸುವುದೇ ಶಾಸ್ತ್ರಸಮ್ಮತವಾದ ಮಾರ್ಗ. ಮಗುವಿನ ತಟ್ಟೆಯಿಂದ ಹಾಲನ್ನೂ ಮೊಟ್ಟೆಯನ್ನೂ ತೆಗೆಯುವ ಮುನ್ನ ವೈದ್ಯನನ್ನು ಕೇಳುವುದು ಯುಕ್ತ.