ಐದು ದಿನಗಳ ರಾಜ್ಯಭಾರ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಏಳು ಅಂಗಗಳು ಕೂಡಿದರೆ ಮಾತ್ರ ರಾಜ್ಯವೆಂದು ನಮ್ಮ ಪ್ರಾಚೀನ ನೀತಿಜ್ಞರು ಹೇಳಿರುವರು. ದಂಡವೊಂದು ಕೈವಶವಾದರೆ ಮಿಕ್ಕವು ತಾವಾಗಿಯೇ ಬಂದು ಕಾಲಿಗೆ ಬೀಳುವುವೆಂದು ನಂಬಿ ಕೆಟ್ಟವರು ಚರಿತ್ರೆಯಲ್ಲಿ ಹಲವರುಂಟು. ಅಂಥವರಲ್ಲೊಬ್ಬನಾದ ಜರ್ಮನಿಯ ವುಲ್ಫ್‌ಗಾಂಗ್ ಕಾಪ್ ಎಂಬವನ ವೃತ್ತಾಂತವನ್ನು ವಾಚಕ ಮಹಾಶಯರ ಮುಂದಿಡುತ್ತೇವೆ.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯಲ್ಲಿ 1918ರಲ್ಲಿ ಚಕ್ರವರ್ತಿಯ ಆಳ್ವಿಕೆ ಅಳಿದು ಪ್ರಜಾರಾಜ್ಯವು ತಲೆಯೆತ್ತಿತು. ಮರುವರ್ಷದ ವರ್ಸೇಲ್ಸ್ ಒಪ್ಪಂದವು ಅದರ ಸೈನ್ಯವನ್ನು ಒಂದು ಲಕ್ಷಕ್ಕೆ ಇಳಿಸಬೇಕೆಂದು ವಿಧಿಸಿತು. 1920ರ ಫೆಬ್ರವರಿಯ ಕಡೆಯಲ್ಲಿ, ಎರ್‌ಹಾರ್ಟ್ ಎಂಬ ನೌಕಾಧಿಕಾರಿಯ ದಳವನ್ನು ವಿಸರ್ಜಿಸುವಂತೆ ಸರ್ಕಾರವು ಆಜ್ಞಾಪಿಸಿತು. ಸೇನಾಪತಿ ಲುಟ್‌ವಿಟ್ಸನು ಆ ಆಜ್ಞೆಯನ್ನು ಉಲ್ಲಂಘಿಸಿ, ಹಳೆಯ ಪ್ರಭುತ್ವದ ಅಭಿಮಾನಿಯಾದ ಕಾಪನೊಡನೆ ಸೇರಿಕೊಂಡನು.

ಮಾರ್ಚ್ 13ರ ಬೆಳಗಿನ ಜಾವ ಆ ದಳವು ಬರ್ಲಿನ್ ನಗರವನ್ನು ಹೊಕ್ಕಿತು. ನಾವು ಮಂಗಳಾರ್ಥವಾಗಿ ಹೊಸ್ತಿಲಿನ ಮೇಲೆ ಬರೆಯುವ ಸ್ವಸ್ತಿಕದ ಆಕೃತಿಯು ಅವರಲ್ಲನೇಕರ ಶಿರಸ್ತ್ರಾಣಗಳ ಮೇಲಿದ್ದಿತು! ಅವರನ್ನು ತಡೆಯಿರೆಂದರೆ, ಸೈನ್ಯದ ಮೇಲೆ ಸೈನ್ಯವು ಗುಂಡು ಹಾರಿಸಬಾರದೆಂಬುದೇ ಸೀಕ್ಟ್ ಮೊದಲಾದ ಸೇನಾಧಿಪತಿಗಳ ನಿಲುವಾಯಿತು. ಅಧ್ಯಕ್ಷ ಎಬರ್ಟನೂ ಮಂತ್ರಿಗಳಲ್ಲಿ ಬಹುಮಂದಿಯೂ ಡ್ರೆಸ್ಡೆನ್ನಿಗೂ ಅಲ್ಲಿಂದ ಸ್ಟುಟ್‌ಗಾರ್ಟಿಗೂ ತೆರಳಿದರು. ಕಾಪನು ತಾನೇ ಪ್ರಧಾನಿಯೆಂದು ಸಾರಿಕೊಂಡನು.

ದಂಡವೂ ದುರ್ಗವೂ ಸಿಕ್ಕಿದವು. ಆದರೆ ಅಮಾತ್ಯರು ಸಿಕ್ಕಲಿಲ್ಲ. ಕಚೇರಿಗಳ ಹಿರಿಯ ಅಧಿಕಾರಿಗಳು ಹೊಸ ಒಡೆಯನ ಆಜ್ಞೆಗಳನ್ನು ನಡೆಸಲೊಪ್ಪಲಿಲ್ಲ. ಕೋಶವೂ ಸಿಕ್ಕಲಿಲ್ಲ. ಸರ್ಕಾರದ ಬ್ಯಾಂಕಿನವರು ಕ್ರಮವಾದ ರುಜುವಿಲ್ಲದೆ ಅವನು ಕೇಳಿದ ಹಣವನ್ನು ಕೊಡಲಿಲ್ಲ. ಬಂದೂಕು ಹಿಡಿದವನು ಖಜಾನೆಯ ಬಾಗಿಲಲ್ಲಿ ನಿಲ್ಲಬಹುದು. ಆದರೆ ಲೆಕ್ಕದ ಪುಸ್ತಕವನ್ನು ಅವನಿಗಾಗಿ ತೆರೆಯುವವರು ಬೇಡವೇ?

ಜನಪದವಂತೂ ಸಂಪೂರ್ಣವಾಗಿ ವಿಮುಖವಾಯಿತು. ಕಾರ್ಮಿಕ ಸಂಘಗಳ ಕರೆಗೆ ಓಗೊಟ್ಟು ಸುಮಾರು 1 ಕೋಟಿ 20 ಲಕ್ಷ ಮಂದಿ ಕೆಲಸ ನಿಲ್ಲಿಸಿದರು. ಬರ್ಲಿನ್ನಿನಲ್ಲಿ ಟ್ರಾಮು ಓಡಲಿಲ್ಲ, ದೀಪ ಹತ್ತಲಿಲ್ಲ, ನಲ್ಲಿಯಲ್ಲಿ ನೀರು ಬರಲಿಲ್ಲ, ಪತ್ರಿಕೆಗಳು ಅಚ್ಚಾಗಲಿಲ್ಲ. ತನ್ನ ಘೋಷಣೆಯನ್ನು ಜನರಿಗೆ ಮುಟ್ಟಿಸುವುದೇ ಹೊಸ ಪ್ರಧಾನಿಗೆ ದುಸ್ತರವಾಯಿತು. ಆ ಕಷ್ಟವನ್ನು ಮನೆಮನೆಯ ಗೃಹಿಣಿಯರೂ ಮಕ್ಕಳೂ ಅನುಭವಿಸಿದರೆಂಬುದನ್ನು ನಾವು ಮರೆಯಬಾರದು. 17ನೆಯ ತಾರೀಖು ಕಾಪನು ಅಧಿಕಾರವನ್ನು ಬಿಟ್ಟು, ಬಳಿಕ ಸ್ವೀಡನ್ನಿಗೆ ಓಡಿಹೋದನು. ಮರುದಿನ ನಗರವನ್ನು ಬಿಡುತ್ತಿದ್ದ ದಳವು, ಹಾಸ್ಯಮಾಡಿದ ಜನರ ಗುಂಪಿನ ಮೇಲೆ ಗುಂಡು ಹಾರಿಸಿ 12 ಮಂದಿಯನ್ನು ಕೊಂದಿತು.

ಕಥೆಯು ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ರೂರ್ ಪ್ರಾಂತದಲ್ಲಿ ಆಯುಧ ಹಿಡಿದು ಎದ್ದ ಕಾರ್ಮಿಕರನ್ನು ಸರ್ಕಾರವು ಅದೇ ಸೈನ್ಯದಿಂದ ನಿರ್ದಯವಾಗಿ ಅಡಗಿಸಿತು. ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ಆದರೆ ದ್ರೋಹ ಬಗೆದವರ ಮುಖಂಡರಲ್ಲಿ ಶಿಕ್ಷೆಯಾದುದು ಒಬ್ಬನಿಗೆ, ಅದೂ ಐದು ವರ್ಷಗಳ ಕೋಟೆವಾಸ. 1922ರಲ್ಲಿ ಹಿಂದಿರುಗಿದ ಕಾಪನು ವಿಚಾರಣೆಗೆ ಮೊದಲೇ ಮರಣ ಹೊಂದಿದನು. ಆ ಐದು ದಿನಗಳಲ್ಲಿ ಕಾಪನನ್ನು ಕಾಣಲೆಂದು ವಿಮಾನದಲ್ಲಿ ಬಂದು, ಹೊತ್ತು ಮೀರಿದುದನ್ನು ಕಂಡು ಹಿಂದಿರುಗಿದವರಲ್ಲಿ ಹಿಟ್ಲರನೂ ಒಬ್ಬನು. 1923ರಲ್ಲಿ ಮ್ಯೂನಿಕ್ಕಿನಲ್ಲಿ ಅವನೂ ಬಲಾತ್ಕಾರದಿಂದ ಯತ್ನಿಸಿ ಸೋತನು. 1933ರಲ್ಲಾದರೋ ಅಧ್ಯಕ್ಷನ ನೇಮಕವನ್ನೇ ಪಡೆದು ಮುಂಬಾಗಿಲಿನಿಂದ ಒಳಹೊಕ್ಕನು. ಮುದ್ರೆಯಿಲ್ಲದೆ ಬಂದವನನ್ನು ತಡೆದು ನಿಲ್ಲಿಸಿದ ಅಧಿಕಾರವರ್ಗವೇ ಮುದ್ರೆ ಹಿಡಿದು ಬಂದವನಿಗೆ ತಲೆಬಾಗಿತು.

ರುಜುವನ್ನು ಕೇಳುವುದು ದೊಡ್ಡ ಧರ್ಮವೇ ಸರಿ. ಆದರೆ ರುಜು ಸರಿಯಿದ್ದರೂ ಆಜ್ಞೆಯು ಅಧರ್ಮವಾಗಿರಬಹುದೆಂಬ ವಿವೇಕವು ಅದರ ಜತೆಗಿರದಿದ್ದರೆ, ಏಳು ಅಂಗಗಳೂ ಒಂದೇ ಕೈಗೆ ಬೀಳಲು ಬಹುಕಾಲ ಬೇಕಾಗುವುದಿಲ್ಲ. ನಮ್ಮ ಮಕ್ಕಳಿಗೆ ಈ ಎರಡು ಪಾಠಗಳನ್ನೂ ಒಟ್ಟಿಗೇ ಹೇಳಿಕೊಡಬೇಕೆಂದು ನಮ್ಮ ಅಭಿಪ್ರಾಯ.